ಹಿಟ್ಟಿನ ಬಟ್ಟೆ

ನಮ್ಮ ಮನೆಯಲ್ಲಿ ಗಾಜು ಎಂಬ ಮಾತನ್ನು ಆಡುವಂತಿರಲಿಲ್ಲ.

ಗಾಳಿಪಟದ ಸಾಮಾನು ಮಾರುವವರು ನಾವು. ಮುಂದೆ ಅಂಗಡಿ, ಹಿಂದೆ ಮನೆ, ಎರಡರ ನಡುವೆ ಕಡ್ಡಿ ಕತ್ತರಿಸುವ ಕೋಣೆ. ಪಟದ ನೈಲಾನ್ ಬಟ್ಟೆ, ದಾರದ ಉಂಡೆ, ಬಾಲಕ್ಕೆ ರಿಬ್ಬನ್ನು, ಮೂಗು ಸುಡುವ ರೆಸಿನ್ ಅಂಟಿನ ಡಬ್ಬ ಎಲ್ಲ ಇದ್ದರೂ ನಮ್ಮ ಹೊಟ್ಟೆ ಹೊರೆಯುವುದು ಕಡ್ಡಿಯೇ. ಬಿದಿರಿನದಲ್ಲ, ಫೈಬರ್‌ಗ್ಲಾಸಿನದು; ಗಾಜಿನ ಎಳೆಗಳನ್ನು ರೆಸಿನ್ನಿನಲ್ಲಿ ಅದ್ದಿ ಎಳೆದದ್ದು. ಬಗ್ಗುತ್ತದೆ, ಮುರಿಯುವುದಿಲ್ಲ. ಕತ್ತರಿಸುವ ಚಕ್ರಕ್ಕೆ ಒಡ್ಡಿದರೆ ಮಾತ್ರ ಪುಡಿ ಏಳುತ್ತದೆ. ಬೆಳ್ಳಗೆ, ನುಣ್ಣಗೆ, ಥೇಟ್ ಹಿಟ್ಟಿನ ಹಾಗೆ. ಅದಕ್ಕೆ ಹಿಟ್ಟು ಎಂದೇ ಹೆಸರಿಟ್ಟವನು ಅಪ್ಪ. ಗಾಜು ಅಂದರೆ ಗಿರಾಕಿ ಬಾಗಿಲಿನಿಂದಲೇ ಓಡುತ್ತಾನೆ, ಕಡ್ಡಿಗೆ ಫೈಬರ್ ಅನ್ನಿ, ಪುಡಿಗೆ ಹಿಟ್ಟು ಅನ್ನಿ ಎಂದು ಅವನ ಕಟ್ಟಪ್ಪಣೆ. ಹಾಗಾಗಿ ನಾನು ಬುದ್ಧಿ ಬಂದಾಗಿನಿಂದ ಹಿಟ್ಟು ಗುಡಿಸಿದವನು, ಕಣ್ಣಿಗೆ ಹಿಟ್ಟು ಬಿದ್ದು ಅತ್ತವನು.

ಆ ಹಿಟ್ಟು ಮೈಗೆ ಹತ್ತಿದರೆ ಆಗುವ ಕಡಿತವನ್ನು ಹೇಗೆ ಹೇಳಲಿ. ಚರ್ಮದ ಒಳಗಡೆ ಯಾರೋ ಕೂತು ಸೂಜಿ ಹಿಡಿದು ಹೊಲಿಯುತ್ತಿರುವ ಹಾಗೆ. ಕೆರೆದಷ್ಟೂ ಒಳಗೆ ಹೋಗುತ್ತದೆ. ಕೆಲಸ ಬಿಟ್ಟ ಕೂಡಲೇ ತಣ್ಣೀರು ಸುರಿದುಕೊಳ್ಳಬೇಕು, ಉಜ್ಜಬಾರದು. ಬಿಸಿನೀರಂತೂ ಕೂಡದು; ಮೈಯ ರಂಧ್ರಗಳೆಲ್ಲ ಬಾಯಿ ತೆರೆದುಕೊಂಡು ಇನ್ನಷ್ಟು ನುಂಗುತ್ತವೆ. ಶಾಲೆ ಬಿಟ್ಟ ವರ್ಷ ನಾನು ಕಲಿತ ಮೊದಲ ಪಾಠ ಅದು. ಚಳಿಯಲ್ಲಿ ಹಲ್ಲು ಕಟಕಟ ಅಂದರೂ ಅಣ್ಣನದೂ ನನ್ನದೂ ತಣ್ಣೀರಿನ ಸ್ನಾನವೇ.

ಅಪ್ಪನದು ಹಾಗಲ್ಲ. ಅಂಗಡಿಯ ಮುಂದಿನ ಕುರ್ಚಿ ಹಿಡಿದ ಮೇಲೆ ಅವನು ಚಕ್ರ ಮುಟ್ಟಿಲ್ಲ. ಗಂಜಿ ಹಾಕಿದ ಬಿಳಿ ಷರ್ಟು, ಕುತ್ತಿಗೆಗೆ ಪೌಡರು, ದಿನಾ ಹಬೆಯಾಡುವ ನೀರು. ಕಡ್ಡಿಯ ತುಂಡಿಗೆ ಹತ್ತಿ ಸುತ್ತಿ ಕಿವಿಯೊಳಗೆ ತಿರುವುತ್ತಾನೆ, ಕಣ್ಣು ಅರೆಮುಚ್ಚಿ ಸುಖಪಡುತ್ತಾನೆ, ಹತ್ತಿ ಕಿತ್ತೆಸೆದು ಅದೇ ತುಂಡನ್ನು ಮಾರುವ ಕಟ್ಟಿಗೆ ಸಿಕ್ಕಿಸುತ್ತಾನೆ. ಆ ಕಡ್ಡಿಯನ್ನು ಯಾವ ಮಗುವೋ ಹಲ್ಲಲ್ಲಿ ಕಚ್ಚಿಕೊಂಡು ಪಟ ಕಟ್ಟುತ್ತದೆ. ನೋಡಿದ ದಿನ ನನಗೆ ಅನ್ನ ಇಳಿಯುವುದಿಲ್ಲ. ಅಣ್ಣನಿಗೆ ಇಳಿಯುತ್ತದೆ. ಅಣ್ಣನನ್ನು ನಾನು ಬಾಲಂಗೋಚಿ ಅನ್ನುತ್ತೇನೆ. ಅಂಗಡಿಯಲ್ಲಿ ಅಳತೆಗೆ ಸಿಗುವ ಬಾಲಂಗೋಚಿಗಾದರೂ ಗಾಳಿ ಬಂದಾಗ ಒಂದು ಸ್ವಂತ ಒದ್ದಾಟ ಇರುತ್ತದೆ.

ಅತ್ತಿಗೆ ಹಿಟ್ಟಿನ ಗಿರಣಿಯವರ ಮಗಳು. ಅವರ ತಂದೆಯ ಹುಬ್ಬಿನ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು, ನಿಜವಾದ ಹಿಟ್ಟು. ಮದುವೆಯಾಗಿ ಬಂದವರಿಗೆ ನಮ್ಮ ಮನೆಯ ಹಿಟ್ಟು ಯಾವುದು ಎಂದು ಯಾರೂ ಹೇಳಲಿಲ್ಲ. ಮನೆಯವರ ಪೈಕಿ ಯಾರಿಗೂ ಅದು ಹೇಳಬೇಕಾದ ಮಾತು ಅನ್ನಿಸಲೇ ಇಲ್ಲ, ನನಗೂ ಕೂಡ. ಕತ್ತರಿಸುವ ಕೋಣೆಗೆ ಅವರು ಬಂದವರಲ್ಲ. ನಮ್ಮ ಕೆಲಸದ ಬಟ್ಟೆಗಳನ್ನು ಅಮ್ಮ ಬೇರೆ ಬಕೆಟ್ಟಿನಲ್ಲಿ ತಾನೇ ಒಗೆಯುತ್ತಿದ್ದಳು. ಮಗು ಹುಟ್ಟಿ ಕತ್ತು ನಿಲ್ಲಿಸುವ ಹೊತ್ತಿಗೆ ಅಮ್ಮನ ಮಣಿಕಟ್ಟು ನೋವು ಜಾಸ್ತಿಯಾಗಿ ಒಗೆತ ಅತ್ತಿಗೆಯ ಪಾಲಿಗೆ ಬಂತು. ಹಿಟ್ಟಿನ ಬಟ್ಟೆ ಮೂಲೇಲಿದೆ ನೋಡ್ಕೊಳಮ್ಮ ಅಂದಳು ಅಮ್ಮ, ಅಷ್ಟೇ. ಗಿರಣಿಯ ಮನೆಯಲ್ಲಿ ಹಿಟ್ಟಿನ ಬಟ್ಟೆ ಎಲ್ಲದರ ಜೊತೆಗೇ ಒಗೆಯುವ ಬಟ್ಟೆ. ಹಿಟ್ಟು ಯಾರಿಗೆ ಏನು ಮಾಡೀತು.

ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಮೊದಲು ಕೆಂಪು ಕಾಣಿಸಿತು. ಆಮೇಲೆ ಕಂಕುಳು, ಆಮೇಲೆ ಸೊಂಟದಲ್ಲಿ ಇಲಾಸ್ಟಿಕ್ ಬಿಗಿಯುವ ಜಾಗ. ಕೆಂಪು ಗುಳ್ಳೆಯಾಯಿತು, ಗುಳ್ಳೆ ಒಡೆದು ನೀರಾಡಿತು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಡಾಕ್ಟರು ಮುಲಾಮು ಬರೆದು, ಮನೆಯಲ್ಲಿ ಪುಡಿ, ಕೆಮಿಕಲ್ಲು ಏನಾದರೂ ಬಳಸುತ್ತೀರಾ ಎಂದು ಕೇಳಿದರಂತೆ. ಜೊತೆಗೆ ಹೋದ ಅಪ್ಪ, ನಮ್ಮದು ಮಕ್ಕಳ ಆಟದ ಸಾಮಾನಿನ ಅಂಗಡಿ ಸಾರ್ ಅಂದನಂತೆ. ಮನೆಗೆ ಬಂದವನೇ ತೀರ್ಪು ಕೊಟ್ಟ. ತಾಯಿಯ ಹಾಲಿನಲ್ಲಿ ಉಷ್ಣ ಇದೆ, ಹಾಲು ಬಿಡಿಸಿ ಡಬ್ಬದ ಪುಡಿ ಕೊಡಿ. ಅಣ್ಣ ಡಬ್ಬ ತಂದ. ಅತ್ತಿಗೆ ಬಚ್ಚಲಿಗೆ ಹೋಗಿ, ಎದೆ ಕಲ್ಲಾಗಿ ತಡೆಯಲಾರದೆ, ಹಾಲನ್ನು ಹಿಂಡಿ ಮೋರಿಗೆ ಬಿಟ್ಟು ಬರುತ್ತಿದ್ದರು. ಬಾಗಿಲಾಚೆ ಮಗು ಹಸಿದು ಕಿರುಚುತ್ತಿರುತ್ತಿತ್ತು. ಅಪ್ಪ ಬಿಸಿನೀರಿನ ಸ್ನಾನ ಮುಗಿಸಿ ಅದೇ ಬಚ್ಚಲಿನಿಂದ ಪೌಡರು ಹಾಕಿಕೊಳ್ಳುತ್ತ ಬರುತ್ತಿದ್ದ.

ನನಗೆ ಗೊತ್ತಾದದ್ದು ಬಟ್ಟೆ ಒಣಗಿಸುವ ತಂತಿಯ ಹತ್ತಿರ. ನನ್ನ ನೀಲಿ ಷರ್ಟಿನ ತೋಳು ಮಗುವಿನ ಅಂಗಿಗೆ ಅಂಟಿಕೊಂಡು ತೊಟ್ಟಿಕ್ಕುತ್ತಿತ್ತು. ಅಂಗಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದೆ. ನೂಲಿನ ಸಂದಿಯಲ್ಲೆಲ್ಲ ಮಿಣಮಿಣ.

ಅತ್ತಿಗೆಯನ್ನು ಕರೆದು ಕೇಳಿದೆ. ಮಗುದು, ನಿಮ್ಮಿಬ್ಬರದು ಜೊತೆಗೇ ನೆನೆಹಾಕ್ತೀನಿ, ಮಾವನ ಬಿಳಿ ಷರ್ಟು ಮಾತ್ರ ಬೇರೆ, ಹಿಟ್ಟಿನ ಬಟ್ಟೆ ತಾನೆ ಅಂದರು.

"ಅತ್ತಿಗೆ, ಅದು ಹಿಟ್ಟಲ್ಲ. ಗಾಜು."

ಅವರು ತಮ್ಮ ಮಣಿಕಟ್ಟು ತಿರುಗಿಸಿ ನೋಡಿಕೊಂಡರು. ಅಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿದ್ದವು. ಸೋಪಿನ ಪುಡಿ ಆಗ್ತಿಲ್ಲ ಅಂದ್ಕೊಂಡಿದ್ದೆ ಅಂದರು. ಆಮೇಲೆ ಮಗುವಿನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ತಂತಿಯಿಂದ ಕಿತ್ತು ಕಸದ ಚೀಲಕ್ಕೆ ತುರುಕಿದರು. ಒಳಗೆ ಹೋಗಿ, ಪೆಟ್ಟಿಗೆಯ ತಳದಲ್ಲಿದ್ದ ತಮ್ಮ ಹಳೆಯ ಸೀರೆ ಹರಿದು ಮಗುವಿಗೆ ಸುತ್ತಿ, ಬಾಗಿಲು ಹಾಕಿಕೊಂಡು ಎದೆಗೆ ಹಾಕಿಕೊಂಡರು. ಬಹಳ ದಿನಗಳ ಮೇಲೆ ಮನೆ ಸುಮ್ಮನಾಯಿತು.

ಉಳಿಸಿಕೊಂಡಿದ್ದ ಒಂದು ಅಂಗಿಯನ್ನು ಹಿಡಿದು ನಾನು ಅಪ್ಪನ ಮುಂದೆ ನಿಂತೆ. ಅವನು ಅಂಗಿ ನೋಡಲಿಲ್ಲ. ಎದ್ದು ಹೋಗಿ ಅಂಗಡಿಯ ಷಟರ್ ಅರ್ಧ ಇಳಿಸಿದ.

"ಸ್ಕೂಲುಗಳಿಗೆ ಪಟದ ಕಿಟ್ ಕೊಡೋರು ನಮ್ಮ ಮಾಲು ನೋಡೋಕೆ ಬರೋರಿದ್ದಾರೆ. ಗಾಜಿಂದ ಮನೆ ಕೂಸಿಗೇ ಹುಣ್ಣಾಯ್ತು ಅಂತ ಒಬ್ಬರ ಕಿವಿಗೆ ಬಿದ್ರೆ ಮಕ್ಕಳ ಪಟದ ಆರ್ಡರು ಹಾಳಾಗ್ಹೋಗತ್ತೆ. ಬಟ್ಟೆ ಬೇರೆ ಒಗೀರಿ, ವಾಸಿಯಾಗತ್ತೆ. ಮುಗೀತು."

ಮುಗಿದಿರಲಿಲ್ಲ. ಹಾಲು ಕೆಟ್ಟಿದೆ, ಮಗಳನ್ನು ಕರಕೊಂಡು ಹೋಗಿ ರಕ್ತ ಶುದ್ಧ ಮಾಡಿಸಿ ಎಂದು ಅವನು ಗಿರಣಿಯವರಿಗೆ ಫೋನು ಮಾಡಿಯಾಗಿತ್ತು. ಅತ್ತಿಗೆ ಒಂದೇ ಒಂದು ಕೇಳಿದರು. ಹೋಗು ಅಂದರೆ ಹೋಗುತ್ತೇನೆ, ಆದರೆ ಹಾಲಿನ ತಪ್ಪಲ್ಲ ಎಂದು ನಮ್ಮಪ್ಪನಿಗೆ ಮಾವನೇ ಹೇಳಲಿ. ಇಲ್ಲದಿದ್ದರೆ ಹಾಲು ಕೆಟ್ಟ ಮನೆತನ ಎಂಬ ಮಾತು ಮದುವೆಗಿರುವ ನನ್ನ ತಂಗಿಗೂ ಅಂಟುತ್ತದೆ. ಅಪ್ಪ ಕಿವಿಗೆ ಕಡ್ಡಿ ಹಾಕಿಕೊಂಡ. ಹೇಳಿದ್ದು ಹೇಳಿ ಆಗಿದೆ, ನಾಲಿಗೆ ಹೊರಳಿಸೋ ವಯಸ್ಸಲ್ಲ ನನ್ನದು ಅಂದ. ಅಪ್ಪ ಹೇಳೋದೂ ಸರಿ ಇದೆ, ನಾಲ್ಕು ದಿನ ಇದ್ದು ಬಾ ಅಂದ ಬಾಲಂಗೋಚಿ. ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು. ತನ್ನ ಬಾಯಿಂದ ಬಂದ ಒಂದು ಮಾತು ಮೊಮ್ಮಗಳ ಕುತ್ತಿಗೆ ಸುಲಿದಿದೆ ಎಂದು ಅವಳಿಗೆ ಅವತ್ತೇ ತಿಳಿದದ್ದು. ಆಮೇಲೆ ಅವಳು ಅಪ್ಪನ ಜೊತೆ ಮಾತೇ ಆಡಲಿಲ್ಲ. ತಟ್ಟೆ ಇಡುವಾಗ ಮಾತ್ರ ಸದ್ದು ಜೋರಾಯಿತು.

ನಾನೇ ಗಿರಣಿಯವರಿಗೆ ಹೇಳುತ್ತೇನೆ ಅಂದೆ. ಅತ್ತಿಗೆ ಬೇಡ ಅಂದರು. ನೀನು ಹೇಳಿದ್ರೆ ಅಪ್ಪ-ಮಗನ ಜಗಳ ಅಂದ್ಕೋತಾರೆ, ಅವರ ಬಾಯಲ್ಲೇ ಬರಬೇಕು ಅಂದರು. ಅಷ್ಟು ಹೇಳಿ ಒಗೆಯುವ ಕಲ್ಲಿನ ಕಡೆ ಹೋದರು. ತವರಿಗೆ ಹೋಗುವವರು ಯಾಕೆ ಒಗೆಯಬೇಕು ಎಂದು ನಾನು ಹಲ್ಲು ಕಡಿದೆ.

ಗಿರಣಿಯವರು ಬಂದ ದಿನ ಅಪ್ಪ ಷಟರ್ ಅರ್ಧ ಇಳಿಸಿ, ಹೊಸದಾಗಿ ಗಂಜಿ ಹಾಕಿದ ಷರ್ಟು ತೊಟ್ಟು ಕೂತಿದ್ದ. ಅತ್ತಿಗೆಯ ಚೀಲ ಬಾಗಿಲ ಬಳಿ ಇತ್ತು. ಗಿರಣಿಯವರು ದೊಡ್ಡ ಆಳು, ಮಾತು ಕಮ್ಮಿ. ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಹೆಣ್ಣು ಕೊಟ್ಟವರು ಕೇಳಬೇಕಲ್ಲ. ಅಪ್ಪ ಉಷ್ಣದಿಂದ ಶುರುಮಾಡಿ ರಕ್ತಕ್ಕೆ ಬಂದ, ರಕ್ತದಿಂದ ವಂಶಕ್ಕೆ ಏರಿದ. ವಂಶಕ್ಕೆ ಬರುವ ಹೊತ್ತಿಗೆ ಅವನ ಕೈ ಕಾಲರಿನೊಳಗೆ ಹೋಗಿತ್ತು.

ಮೊದಲು ಒಂದು ಬೆರಳು. ಆಮೇಲೆ ನಾಲ್ಕೂ ಉಗುರು. ಮಾತಿನ ಮಧ್ಯೆ ಭುಜ ಕುಣಿಸಿದ, ಬೆನ್ನನ್ನು ಕುರ್ಚಿಗೆ ತಿಕ್ಕಿದ, ಕಂಕುಳಿಗೆ ಕೈ ತೂರಿಸಿದ. ಪೌಡರು ಬೆವರಿನಲ್ಲಿ ಕಲಸಿ ಕುತ್ತಿಗೆಯ ಮೇಲೆ ಬೂದು ಗೆರೆಗಳಾದವು. ನಾಯಿ ಕಂಬಕ್ಕೆ ಮೈ ತಿಕ್ಕುವ ಹಾಗೆ ತಿಕ್ಕುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ವಂಶದ ಮಾತು ಮಾತ್ರ ಬಿಡಲೊಲ್ಲ. ನಾನು ಕತ್ತರಿಸುವ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಕಡಿತ ನನಗೆ ಗುರುತಿಲ್ಲವೇ. ತಲೆಗೆ ಹೊಳೆದದ್ದು ಆಮೇಲೆ: ಅಪ್ಪನ ಷರ್ಟು ಒಗೆಯುವವರೂ ಅತ್ತಿಗೆಯೇ.

ಅತ್ತಿಗೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಮಗು ಹಳೆ ಸೀರೆಯಲ್ಲಿ ನಿದ್ದೆ ಮಾಡುತ್ತಿತ್ತು, ಕುತ್ತಿಗೆಯ ಗಾಯ ಒಣಗಿ ಸಿಪ್ಪೆ ಕಟ್ಟಿತ್ತು. ಅಪ್ಪನ ಉಗುರು ಅದೇ ಜಾಗದಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ, ರಕ್ತ ಬರಿಸುತ್ತಿತ್ತು. ಅತ್ತಿಗೆ ಅದನ್ನು ನಿಧಾನಕ್ಕೆ ನೋಡಿದರು.

"ಯಾಕೆ ಮಾವ, ನೀವೂ ನನ್ನ ಹಾಲೇ ಕುಡಿದ್ರಾ?"

ಅಣ್ಣ ಬಾಯಿ ತೆರೆದವನು ಯಾವ ಕಡೆ ಮಾತಾಡಬೇಕೆಂದು ತಿಳಿಯದೆ ಮುಚ್ಚಿಕೊಂಡ. ಅಪ್ಪನ ಮುಖ ಕೆಂಪಾಗಿ, ಮರ್ಯಾದೆ ಇಲ್ಲದ ಹೆಣ್ಣು ಎಂದೇನೋ ಗೊಣಗಿ, ಸೋಪು ಸರಿಯಿಲ್ಲ ಬೀಗರೇ, ಸೋಪಿನದು ಅಂದ. ಕೈ ಮಾತ್ರ ಬೆನ್ನಿಗೆ ಹೋಗಲು ಹೆಣಗುತ್ತಿತ್ತು.

ಗಿರಣಿಯವರು ಎದ್ದರು. ಹತ್ತಿರ ಬಂದು, ಅಪ್ಪನ ಕಾಲರನ್ನು ಹೆಬ್ಬೆಟ್ಟು ಬೆರಳಿನ ನಡುವೆ ಹಿಡಿದು ಹೊಸಕಿದರು, ಹಿಟ್ಟು ನುಣ್ಣಗಾಗಿದೆಯೇ ಎಂದು ನೋಡುವ ಹಾಗೆ. ಬೆರಳು ಚುರುಕ್ ಎಂದಿರಬೇಕು, ಕಣ್ಣು ಕಿರಿದಾಯಿತು. ಬಾಗಿಲಿನ ಬೆಳಕಿಗೆ ಬೆರಳು ಹಿಡಿದರು. ಮಿಣಮಿಣ.

"ಹಿಟ್ಟಿನ ಬಟ್ಟೆ ಅಂತಿದ್ರಪ್ಪ ಇವರು," ಅಂದರು ಅತ್ತಿಗೆ. "ಮಗು ಬಟ್ಟೆ ಜೊತೆಗೇ ಒಗ್ದೆ."

"ನಾನು ಹುಟ್ಟಿದ್ದೇ ಹಿಟ್ಟಲ್ಲಿ," ಅಂದರು ಗಿರಣಿಯವರು, ದನಿ ಏರಿಸದೆ. "ಇದು ಯಾವ ಗಿರಣಿ ಹಿಟ್ಟು ಬೀಗರೇ?"

ಗಿರಣಿಯವರು ಮತ್ತೆ ಕಾಲರಿಗೆ ಕೈ ಹಾಕಿದರು. ಬಿಗಿಯಾಗಿ ಹಿಡಿಯಲಿಲ್ಲ, ಆದರೆ ಬಟ್ಟೆ ಕುತ್ತಿಗೆಗೆ ಒತ್ತಿಕೊಂಡಿತ್ತು, ಅಷ್ಟೇ ಸಾಕಾಗಿತ್ತು. ಅಪ್ಪನ ಕಣ್ಣು ಒಮ್ಮೆ ರಸ್ತೆಗೆ ಹೋಯಿತು, ಒಮ್ಮೆ ಅರ್ಧ ಇಳಿದ ಷಟರಿಗೆ. ಯಾರೂ ಕೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ. ಕೂಸಿನ ಕಡೆ ಒಮ್ಮೆಯೂ ನೋಡಲಿಲ್ಲ. ಆ ಕ್ಷಣದಲ್ಲಿ ನನಗೆ ಅವನ ಮೇಲೆ ಇದ್ದ ಸಿಟ್ಟೂ ಸತ್ತು, ಬರೀ ಹೇಸಿಗೆ ಉಳಿಯಿತು.

"ಗಾಜು," ಅಂದ. ಕೆಮ್ಮಿದ ಹಾಗೆ ಅಂದ.

"ಹಾಲು?"

"ಹಾಲಿಂದಲ್ಲ."

ಗಿರಣಿಯವರು ಕಾಲರು ಬಿಟ್ಟು, ಬೆರಳುಗಳನ್ನು ಅಪ್ಪನದೇ ಷರ್ಟಿನ ಎದೆಗೆ ಒರೆಸಿದರು. ಮಗಳ ಕಡೆ ತಿರುಗಿ, ಇರ್ತೀಯೋ ಬರ್ತೀಯೋ ಎಂದು ಕೇಳಿದರು. ಬರ್ತೀನಿ ಅಂದರು ಅತ್ತಿಗೆ. ಕಳಿಸಿದ್ದಕ್ಕಲ್ಲ, ನಾನೇ ಬರ್ತಿದೀನಿ. ಅಣ್ಣ ಚೀಲಕ್ಕೆ ಕೈ ಹಾಕಲು ಬಂದ. ಅವರು ಅವನ ತೋಳನ್ನು ನೋಡಿದರು, ಅದರ ಮೇಲಿದ್ದ ಬಿಳಿ ಪುಡಿಯನ್ನು ನೋಡಿದರು, ದೂರ ಇರಿ ಅಂದರು.

"ಈ ಪುಡೀನ ಇದರ ಹೆಸರು ಹಿಡಿದು ಕರೆಯೋ ಧೈರ್ಯ ಬಂದ ದಿನ ಫೋನ್ ಮಾಡಿ."

ಅಣ್ಣ ರಸ್ತೆಯ ತಿರುವಿನ ತನಕ ಹಿಂದೆ ಹೋಗಿ, ದಾರ ಕಡಿದುಕೊಂಡ ಬಾಲದ ಹಾಗೆ ಅಲ್ಲೇ ನಿಂತ.

ಅಪ್ಪ ಷರ್ಟು ಕಿತ್ತೆಸೆದು ಒಳಗೆ ಓಡಿದ. ಬೆನ್ನೆಲ್ಲ ಉಗುರಿನ ಬರೆ. ಬಚ್ಚಲಿನಿಂದಲೇ ಕೂಗಿದ, ಬಿಸಿನೀರು ಕೊಡೇ, ಬೇಗ. ಚಕ್ರ ಬಿಟ್ಟು ಅಷ್ಟು ಕಾಲವಾಗಿತ್ತು. ಮೈಗೆ ಏನಾದರೂ ಆದರೆ ಬಿಸಿನೀರು ಎಂಬುದಷ್ಟೇ ಅವನಿಗೆ ನೆನಪಿತ್ತು.

ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ತಣ್ಣೀರಿನ ಬಕೆಟ್ಟು ಅವಳ ಕಾಲ ಬಳಿಯೇ ತುಂಬಿ ಇತ್ತು. ಅವಳು ಅದನ್ನು ಕಾಲಿಂದ ಪಕ್ಕಕ್ಕೆ ಸರಿಸಿ, ಒಲೆ ಹಚ್ಚಿ, ದೊಡ್ಡ ಪಾತ್ರೆ ಇಟ್ಟಳು.

ಬಹಳ ದಿನಗಳ ಮೇಲೆ ಅಪ್ಪನಿಗೆ ಅವಳು ಆಡಿದ ಮೊದಲ ಮಾತು ಅದು.

"ಸ್ವಲ್ಪ ತಡೀರಿ. ಚೆನ್ನಾಗಿ ಕಾಯಲಿ."