ಗೋಡೆಯ ಸ್ವಿಚ್ಚು

"ನಡುವೆ ಏನಾಯ್ತು ಮೇಡಂ? ಕರೆಂಟ್ ಹೋಯ್ತಾ?" ರಿಪೇರಿ ಅಂಗಡಿಯವನು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಂದು, ಆರಿ, ಮತ್ತೆ ಬರುತ್ತಿತ್ತು.

"ಇಲ್ಲವಲ್ಲ," ಎಂದಳು ಸೊಸೆ. "ಹೊಸ ಸಿಸ್ಟಂ ಹಾಕೋಣ ಅಂತ ನಿನ್ನೆ ಅಪ್‌ಗ್ರೇಡ್ ಒತ್ತಿ, ಮಗೂನ ಕರ್ಕೊಂಡು ಬರೋಕೆ ಶಾಲೆಗೆ ಹೋದೆ. ಬಂದು ನೋಡಿದ್ರೆ ಹೀಗೆ. ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ವೈರ್ ಮೇಲೇ ಓಡೋದು. ಆದ್ರೆ ವೈರ್ ಸಿಕ್ಕಿಸೇ ಇತ್ತು, ಸ್ವಿಚ್ಚೂ ಹಾಕೇ ಇತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಪಕ್ಕದ ಸ್ಟೂಲಿನಲ್ಲಿದ್ದ ಅತ್ತೆ ತಮ್ಮ ಬಲಗೈಯನ್ನು ಮಡಿಲಿನ ಚೀಲದ ಕೆಳಗೆ ಸರಿಸಿದರು.

ಅವರು ಇಪ್ಪತ್ತಾರು ವರ್ಷ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವರು. ಕೊನೆಗೆ ಹೊರಡುವವರು ಇಸ್ತ್ರಿಯಿಂದ ಹಿಡಿದು ಎಲ್ಲ ಸ್ವಿಚ್ಚುಗಳನ್ನೂ ಆರಿಸಬೇಕು ಎಂಬುದು ಅಲ್ಲಿನ ಕಟ್ಟಪ್ಪಣೆ, ಕೊನೆಗೆ ಹೊರಡುತ್ತಿದ್ದವರು ಇವರೇ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕೆಲಸ ಕಲಿಸಿದ ಗುಣವೂ ಕಡಿಮೆಯದಲ್ಲ. ನಿನ್ನೆ ಲ್ಯಾಪ್‌ಟಾಪ್ ಇದ್ದ ಕೋಣೆಯಿಂದ ಹೊರಬೀಳುವಾಗ ಕೈ ತಾನಾಗಿಯೇ ಗೋಡೆಗೆ ಹೋಗಿತ್ತು. ಹಿಂದೆ ಪರದೆ ಆರಿದ್ದು ಕಂಡಿತು. ಕೂಡಲೇ ಸ್ವಿಚ್ ಹಾಕಿದರು. ಸೊಸೆಗೆ ಹೇಳಲು ಬಾಯಿ ಬರಲಿಲ್ಲ.

ಸೊಸೆ ಮನೆಗಳ ನಕ್ಷೆ ಬರೆಯುವವಳು. ಮಗು ಹುಟ್ಟಿದ ಮೇಲೆ ನಾಲ್ಕು ವರ್ಷ ಕೆಲಸ ಬಿಟ್ಟಿದ್ದಳು. ಈಗ ಒಂದು ಕಚೇರಿಯವರು ಕರೆದಿದ್ದರು, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಕ್ಷೆಗಳನ್ನು ತೋರಿಸಬೇಕಿತ್ತು. ಊಟದ ಮೇಜಿನ ಮೂಲೆಯಲ್ಲಿ ಕೂತು ಬರೆದ ಹನ್ನೆರಡು ನಕ್ಷೆಗಳೂ ಈ ಲ್ಯಾಪ್‌ಟಾಪ್ ಒಂದರಲ್ಲೇ ಇದ್ದವು.

"ಕರೆಂಟೂ ಹೋಗಿಲ್ಲ, ತಾನಾಗೇ ನಿಂತಿದೆ ಅಂದ್ರೆ ಒಳಗಿನ ಡಿಸ್ಕೇ ಕೈಕೊಡ್ತಿದೆ," ಎಂದ ರಿಪೇರಿಯವನು. "ಹಾಗಿದ್ರೆ ನಾನು ಮುಟ್ಟೋದಿಲ್ಲ. ಮುಟ್ಟಿದ್ರೆ ಇರೋದೂ ಹೋಗುತ್ತೆ. ಹೊರಗಡೆ ಕಳಿಸ್ಬೇಕು, ಹತ್ತು ದಿನ ಹಿಡಿಯುತ್ತೆ."

"ಹತ್ತು ದಿನಾನಾ?" ಸೊಸೆಯ ಮುಖ ಬಾಡಿತು. "ಹಾಗಾದ್ರೆ ಬರಲ್ಲ ಅಂತ ಅವರಿಗೆ ಫೋನ್ ಮಾಡ್ಬಿಡ್ತೀನಿ," ಎಂದು ಚೀಲಕ್ಕೆ ಕೈಹಾಕಿದಳು.

"ಮಾಡ್ಬೇಡ ಕಣಮ್ಮ," ಎಂದರು ಅತ್ತೆ. "ಸ್ವಿಚ್ ಆರಿಸಿದ್ದು ನಾನು. ಪರದೆ ಮೇಲೆ ನೂರಕ್ಕೆ ಎಂಬತ್ತಮೂರು ಅಂತ ತೋರಿಸ್ತಿತ್ತು. ಆಮೇಲೆ ನಾನೇ ಹಾಕಿಟ್ಟೆ."

ಸೊಸೆ ತಿರುಗಿ ನೋಡಿ, ಚೀಲದಿಂದ ಕೈ ಹೊರತೆಗೆದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅತ್ತೆಗೆ.

ರಿಪೇರಿಯವನು ಮಾತ್ರ ನಕ್ಕೇಬಿಟ್ಟ. "ಇದನ್ನ ಮೊದಲೇ ಹೇಳ್ಬಾರದಾಗಿತ್ತೇನಮ್ಮಾ? ಕರೆಂಟ್ ತಪ್ಪಿ ನಿಂತಿದ್ದು ಅಂದ್ರೆ ಡಿಸ್ಕ್ ಗಟ್ಟಿಯಾಗೇ ಇರ್ಬೇಕು." ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಅದರಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಒಳಗೆ ಹುಡುಕಿದ. ಸೊಸೆ ಬೆರಳಿಟ್ಟು ಎಣಿಸಿದಳು. ಹನ್ನೆರಡೂ ಇದ್ದವು. ಅವುಗಳನ್ನು ಬೇರೆಡೆ ಇಳಿಸಿಕೊಂಡು, ಹಳೆಯ ಸಿಸ್ಟಂ ಅನ್ನೇ ಮತ್ತೆ ಹಾಕಿಕೊಟ್ಟ.

"ಈ ವಯಸ್ಸಿನ ಯಂತ್ರಕ್ಕೆ ಹಳೇದೇ ಸರಿ. ಮನೇಲಿ ಇನ್ನೊಂದಷ್ಟು ಅಪ್‌ಡೇಟ್ ಆಗುತ್ತೆ. ನೂರು ಆಗೋವರೆಗೆ ಕರೆಂಟ್ ತಪ್ಪಬಾರದು," ಎಂದ, ಯಾರ ಮುಖವನ್ನೂ ನೋಡದೆ.

ಮನೆಗೆ ಬಂದು ಸೊಸೆ ವೈರ್ ಸಿಕ್ಕಿಸಿ ಸ್ವಿಚ್ ಹಾಕಿದಳು. ಅಷ್ಟರಲ್ಲಿ ಶಾಲೆ ಬಿಡುವ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲಲ್ಲಿ ನಿಂತಳು.

"ಅತ್ತೆ, ಮಗೂನ ಕರ್ಕೊಂಡು ಬರ್ತೀನಿ. ಇದನ್ನ ನೋಡ್ಕೊಳ್ಳಿ."

"ನಾನಾ?"

"ಮತ್ತಿನ್ಯಾರು?"

ಅತ್ತೆ ಕುರ್ಚಿ ಎಳೆದು, ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು ಕೂತರು. ಯಾರೋ ಬಂದು ಬೆಲ್ ಒತ್ತಿದರು, ಏಳಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದರು. ಪರದೆಯ ಮೇಲೆ ಎಂಬತ್ತಮೂರು ಬಂತು. ಬಂದದ್ದು ಅಲ್ಲೇ ನಿಂತಿತು. ಅವರು ಹಿಡಿತ ಬಿಗಿ ಮಾಡಿದರು.

ಎಂಬತ್ತನಾಲ್ಕಾಯಿತು.