ಗಿಡದ ಡಾಕ್ಟರ ಪೆಟ್ಟಿಗೆ

"ಕೈ ಅದ್ದೇ, ಮುಂಡೇದೇ! ಮೊಣಕೈ ತನಕ ಅದ್ದು. ನಿಮ್ಮ ಹೊಲಸು ಕೈಯಿಂದ್ಲೇ ಗಿಡಕ್ಕೆ ರೋಗ ಬಂದಿರೋದು."

ಮೇಸ್ತ್ರಿ ಕಾಲಿನಿಂದಲೇ ಕ್ರಿಮಿನಾಶಕ ಕಲಸಿದ ನೀರಿನ ಬಕೆಟ್ಟನ್ನು ಮುಂದಕ್ಕೆ ನೂಕಿದ. ಅಕ್ಕ ಬಗ್ಗಿ ಕೈ ಅದ್ದಿದಳು. ದಾಳಿಂಬೆಯ ಮುಳ್ಳು ಗೀರಿದಲ್ಲೆಲ್ಲ ಚುರುಗುಟ್ಟಿತು.

"ನಿನ್ನ ತಂಗಿ ಎಲ್ಲಿ?"

"ಕೈ ಊದಿದೆ ಅಣ್ಣ. ಏಳೋಕಾಗ್ತಿಲ್ಲ."

"ಕೈ ತಾನೇ ಊದಿರೋದು? ಬಾಯಲ್ಲಿ ಕಳೆ ಕೀಳೋಕೆ ಹೇಳು."

ಹಿಂದೆ ನಿಂತ ಕೂಲಿ ಹೆಂಗಸರು ತಮ್ಮ ಸರದಿಗೆ ಮುಂದೆ ಬಂದರು.

ತಂಗಿ ಔಷಧಿ ಹೊಡೆಯುವವಳು. ಡ್ರಮ್ಮಿಗೆ ಬಿಳಿ ಪುಡಿ ಸುರಿದು, ಬರಿಗೈಯಲ್ಲೇ ಕಲಸಿ, ಕ್ಯಾನು ಬೆನ್ನಿಗೇರಿಸಿ ಸಾಲು ಸಾಲು ತೋಯಿಸುವವಳು. ಆಸ್ಪತ್ರೆಯ ಸೂಜಿಮದ್ದೂ ಇದೂ ಒಂದೇ ಎಂದು ಯಾರೋ ಅಂದಿದ್ದೇ ತಡ, ಮುಳ್ಳು ಚುಚ್ಚಿದಲ್ಲಿ ಚಿಟಿಕೆ ಪುಡಿ ಒತ್ತಿಕೊಳ್ಳುವುದು ಹೆಂಗಸರಿಗೆಲ್ಲ ರೂಢಿಯಾಯಿತು. ಗಿಡಕ್ಕೆ ನಾಟಿದ್ದು ತಮಗೆ ನಾಟದೇ? ಮೊದಮೊದಲು ನಾಟಿತು. ಈಗ ಗಿಡಕ್ಕೂ ನಾಟುತ್ತಿಲ್ಲ. ಎಷ್ಟು ಹೊಡೆದರೂ ಕಾಯಿಗಳ ಮೇಲೆ ಎಣ್ಣೆ ಮೆತ್ತಿದಂಥ ಕಪ್ಪು ಚುಕ್ಕೆ ಏಳುತ್ತಿತ್ತು, ಸಿಪ್ಪೆ ಸೀಳುತ್ತಿತ್ತು. ತಂಗಿಯ ಅಂಗೈಯೂ ಹಾಗೇ ಸೀಳಿತ್ತು.

"ಯಾವ ಮದ್ದಿಗೂ ಬಗ್ತಿಲ್ಲಮ್ಮ," ಎಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ. "ಕೀವು ಪರೀಕ್ಷೆಗೆ ಕಳಿಸಿದ್ರೆ ಯಾವುದಕ್ಕೆ ಬಗ್ಗುತ್ತೆ ಅಂತ ಗೊತ್ತಾಗ್ತಿತ್ತು. ಇಲ್ಲಿ ಆ ಸೌಕರ್ಯ ಇಲ್ಲ. ಹೀಗೇ ಏರಿದ್ರೆ ಕೈ ತೆಗೀಬೇಕಾಗುತ್ತೆ."

ಬಿಸಿಲು ನೆತ್ತಿಗೆ ಬಂದಾಗ ಜೀಪು ಬಂತು. ಇಳಿದವನು ದೊಡ್ಡ ಪ್ರಯೋಗಾಲಯದ ಅಧಿಕಾರಿ, ಗಿಡದ ಡಾಕ್ಟರಂತೆ. ಕೈಗವಸು ತೊಟ್ಟು, ಹುಣ್ಣಾದ ಎಲೆಗಳನ್ನು ಹಸುಗೂಸನ್ನು ಎತ್ತಿಕೊಳ್ಳುವಂತೆ ಮೆಲ್ಲಗೆ ಬಿಡಿಸಿ, ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ.

"ಇದು ಇನ್ಯಾವ ಮದ್ದಿಗೆ ಬಗ್ಗುತ್ತೋ ನೋಡಿ ಹೇಳ್ತೀವಿ ಬಿಡಿ," ಎಂದ ತೋಟದ ಧಣಿಗೆ.

ಡಾಕ್ಟರಮ್ಮ ಇಲ್ಲಿಲ್ಲ ಎಂದಿದ್ದ ಪರೀಕ್ಷೆ ಇದೇ ಎಂದು ಅಕ್ಕನಿಗೆ ಹೊಳೆಯಿತು. ಅಜ್ಜಿಯ ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಗಿಣಿಯೊಳಗೆ ಬಚ್ಚಿಡುತ್ತಿದ್ದ. ಧಣಿ ತನ್ನ ಪ್ರಾಣವನ್ನು ಹೀಗೆ ಬಯಲಲ್ಲೇ ಗಿಡಗಳ ಸಾಲಾಗಿ ನಿಲ್ಲಿಸಿದ್ದಾನಲ್ಲ!

"ಸ್ವಾಮಿ, ನನ್ನ ತಂಗಿ ಕೀವೂ ಸ್ವಲ್ಪ ನೋಡಿ. ನಿಮ್ಮ ಪುಡಿ ಹೊಡೆದ ಕೈನೇ ಅದು."

ಅಧಿಕಾರಿ ನಕ್ಕ. "ನಾನು ಗಿಡಕ್ಕೆ ಡಾಕ್ಟರು ಕಣಮ್ಮ, ಮನುಷ್ಯರಿಗಲ್ಲ."

ಧಣಿ ನಗಲಿಲ್ಲ. "ಒಂದು ಗಿಡ ಫಲಕ್ಕೆ ಬರೋಕೆ ಎಷ್ಟು ವರ್ಷ ಬೇಕು ಗೊತ್ತೇನೇ? ನಿನ್ನ ತಂಗಿ ಜಾಗಕ್ಕೆ ನಾಳೆ ಬೆಳಿಗ್ಗೆ ಇನ್ನೊಬ್ಬಳು ಬರ್ತಾಳೆ. ಹೋಗು, ಪೆಟ್ಟಿಗೆ ಜೀಪಿಗಿಡು."

ಅವಳು ಪೆಟ್ಟಿಗೆಯ ಬಳಿ ಕೂತಳು. ತೋಟದ ನಲ್ಲಿಯಲ್ಲಿ ಒಗೆಯಲೆಂದು ತಂದಿದ್ದ ತಂಗಿಯ ಗಾಯದ ಪಟ್ಟಿಯನ್ನು ಸೊಂಟದಿಂದ ತೆಗೆದಳು. ಮುಚ್ಚಳ ಎತ್ತಿ, ಎಲ್ಲರೂ ನೋಡುತ್ತಿದ್ದಂತೆಯೇ, ಹಳದಿ ಕೀವಿನ ಆ ಬಟ್ಟೆಯನ್ನು ಎಲೆಗಳ ಮೇಲೆ ಹಾಸಿದಳು.

"ಏಯ್! ಏನೇ ಅದು?" ಧಣಿ ಕೂಗಿದ.

"ಎಲೆ ಸ್ವಾಮಿ. ಈ ತೋಟದ್ದೇ."

"ತೆಗಿಯೇ ಅದನ್ನ, ಬೋಸುಡಿ!" ಧಣಿ ಪೆಟ್ಟಿಗೆಯತ್ತ ಬೆರಳು ತೋರಿಸಿದ.

"ನೀವೇ ತೆಗೀರಿ."

ಧಣಿ ಮೇಸ್ತ್ರಿಯತ್ತ ನೋಡಿದ. ಮೇಸ್ತ್ರಿ ಬೆತ್ತ ಎತ್ತಿದವನು, ಪೆಟ್ಟಿಗೆಯೊಳಗೆ ಇಣುಕಿ, ಹಿಂದೆ ಸರಿದ. ಅಧಿಕಾರಿ ಕೈಗವಸಿನ ಎರಡೂ ಕೈಗಳನ್ನು ಎದೆಗಿಂತ ಮೇಲೆತ್ತಿಕೊಂಡು ಜೀಪಿಗೆ ಬೆನ್ನು ಹಚ್ಚಿ ನಿಂತಿದ್ದ. ಸಾಲುಗಳ ನಡುವಿಂದ ಹೆಂಗಸರು ಒಬ್ಬೊಬ್ಬರಾಗಿ ಹೊರಬಂದು ಅಕ್ಕನ ಸುತ್ತ ಕೂತರು. ತೆರೆದ ಪೆಟ್ಟಿಗೆಯಲ್ಲಿ ಐಸು ಕರಗತೊಡಗಿತು. ಬಟ್ಟೆಯ ಹಳದಿ ನೀರು, ಗಿಡದ್ದು ಯಾವುದು ತಂಗಿಯದು ಯಾವುದು ಎಂದು ಬೇರ್ಪಡಿಸಲಾಗದಂತೆ, ಎಲೆಯಿಂದ ಎಲೆಗೆ ಇಳಿಯುತ್ತಿತ್ತು.