ಒಂಬತ್ತನೆಯ ಅಂಗಿ ಕೆಳಗಿಳಿದದ್ದು

ಗ್ಲೇಬ್ ಜೂಯೆವ್‌ನನ್ನು ಕಾಣುವ ಮೊದಲು ನಾನು ಕಂಡದ್ದು ಅವನ ಅಂಗಿಯನ್ನು. ಆ ಊರಿನವರು 'ಐಸ್ ಹಾಕಿ ಅರಮನೆ' ಎಂದು ಕರೆಯುತ್ತಿದ್ದ ಕಟ್ಟಡದ ಮಾಡಿನಿಂದ ಎರಡು ಹಗ್ಗಗಳಿಗೆ ಸಿಕ್ಕಿಕೊಂಡು, ತೋಳು ಚಾಚಿ, ಕೆಂಪಗೆ ತೂಗುತ್ತಿತ್ತು. ಬೆನ್ನ ಮೇಲೆ ಒಂಬತ್ತು ಎಂಬ ಅಂಕಿ. ಕೆಳಗೆ ಮಂಜುಗಡ್ಡೆಯ ಮೇಲೆ ಆಟಗಾರರು ಕಪ್ಪು ರಬ್ಬರಿನ ಬಿಲ್ಲೆಯ ಹಿಂದೆ ಬಿದ್ದು ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸುತ್ತಿದ್ದರೆ, ಮೇಲೆ ಆ ಅಂಗಿ ಜಗಳಕ್ಕೆಲ್ಲ ಸಾಕ್ಷಿಯಾಗಿ ನಿಧಾನವಾಗಿ ಓಲಾಡುತ್ತಿತ್ತು.

ನಮ್ಮ ಕಡೆ ಮನುಷ್ಯನ ಪಟವನ್ನು ಎತ್ತರಕ್ಕೆ ಕಟ್ಟಿ ಹಾರ ಹಾಕಿದರೆ ಮುಂದಿನ ಪ್ರಶ್ನೆ ಒಂದೇ. ನಾನು ದನಿ ತಗ್ಗಿಸಿ, "ತೀರಿಕೊಂಡು ಬಹಳ ದಿನವಾಯಿತೆ?" ಎಂದು ಪಕ್ಕದಲ್ಲಿದ್ದ ಕ್ಲಾವ್ದಿಯಾಳನ್ನು ಕೇಳಿದೆ.

"ಯಾರು, ನನ್ನ ತಮ್ಮನಾ?" ಎಂದಳು ಅವಳು. "ಭಾನುವಾರ ಸೂಪಿಗೆ ಬರ್ತಾನೆ. ಅವನನ್ನೇ ಕೇಳು."

ಕ್ಲಾವ್ದಿಯಾ ನನ್ನ ಮನೆಯೊಡತಿ. ಟ್ರ್ಯಾಕ್ಟರ್ ಕಾರ್ಖಾನೆಯ ಕೈಪಿಡಿಗಳನ್ನು ಅನುವಾದಿಸಲೆಂದು ಆ ಚಳಿಯೂರಿಗೆ ಹೋಗಿದ್ದ ನನಗೆ ಒಂದು ಕೋಣೆಯನ್ನೂ ದಿನಕ್ಕೆ ಮೂರು ಹೊತ್ತು ಬೈಗುಳವನ್ನೂ ಕೊಟ್ಟು ಸಾಕಿದವಳು. ಅವಳ ಭಾಷೆ ಕೈಪಿಡಿಗಳ ಭಾಷೆಗಿಂತ ಬೇಗ ಅರ್ಥವಾಗುತ್ತಿತ್ತು.

ಭಾನುವಾರ ಸತ್ತವನು ಬಂದ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಎರಡು ಸಲ ಮುರಿದು ಎರಡು ದಿಕ್ಕಿಗೆ ಕೂಡಿಕೊಂಡ ಮೂಗು, ಎಡ ಮಂಡಿಯಲ್ಲಿ ಸಣ್ಣ ಕುಂಟು.

"ಬಂದಿತು ನೋಡು ಸ್ಮಾರಕ," ಎಂದಳು ಅಕ್ಕ. "ಕಾಲೊರಸಿಕೊಂಡು ಒಳಗೆ ಬಾ."

ಅವನ ಕತೆಯನ್ನು ಅವನ ಬಾಯಿಂದ ಕೇಳಲು ನಾಲ್ಕಾರು ಭಾನುವಾರಗಳು ಬೇಕಾದವು. ಊರಿನವರ ಬಾಯಿಂದಾದರೆ ಒಂದು ಟ್ರಾಮ್ ಪ್ರಯಾಣ ಸಾಕಿತ್ತು. ಹೆಪ್ಪುಗಟ್ಟಿದ ಆಲೂಗಡ್ಡೆಯನ್ನು ಬಿಲ್ಲೆ ಮಾಡಿಕೊಂಡು, ಚಳಿಗೆ ಗಡ್ಡೆಕಟ್ಟಿದ ನದಿಯ ಮೇಲೆ ಆಟ ಕಲಿತವನು. ಮೀಸೆ ಮೂಡುವ ಮೊದಲೇ ರಾಜಧಾನಿಯ ದೊಡ್ಡ ತಂಡ ಅವನನ್ನು ಕರೆದೊಯ್ದಿತು. ಅಲ್ಲಿ ವರ್ಷ ವರ್ಷವೂ ಗೆದ್ದ, ದೇಶದ ಪರವಾಗಿ ಪರದೇಶಗಳಲ್ಲಿ ಗೆದ್ದ, ಪದಕಗಳಿಂದ ಅಕ್ಕನ ಬಿಸ್ಕತ್ತಿನ ಡಬ್ಬಿ ತುಂಬಿಸಿದ. ಅವಳು ಬೇರೆ ಡಬ್ಬಿಯಲ್ಲಿ ಬಿಸ್ಕತ್ತು ಇಡತೊಡಗಿದಳು. ಆದರೆ ಅವನ ಹುಟ್ಟೂರಿನ ತಂಡ ಮಾತ್ರ ಒಮ್ಮೆಯೂ ಪಂದ್ಯಾವಳಿಯ ಕಪ್ಪನ್ನು ಗೆದ್ದಿರಲಿಲ್ಲ. ಮೂವತ್ತು ದಾಟಿದ ಮೇಲೆ, ಎಲ್ಲವನ್ನೂ ಬಿಟ್ಟು, ಅದೊಂದನ್ನು ಗೆಲ್ಲಲೆಂದೇ ಅವನು ಹಿಂದಿರುಗಿದ್ದ. ಬಂದ ಚಳಿಗಾಲದಲ್ಲೇ ಮಂಡಿ ಹೋಯಿತು. ವೈದ್ಯರು ತಲೆಯಾಡಿಸಿದರು. ಕ್ಲಬ್ಬಿನ ಅಧ್ಯಕ್ಷ ಪಾಂಕ್ರಾತೊವ್ ಭಾಷಣ ಮಾಡಿದ. ಅಂಗಿ ಮೇಲೇರಿತು.

ಅಂಗಿ ಏರಿಸುವುದೆಂದರೆ ಅವರಲ್ಲಿ ಆಟಗಾರನಿಗೆ ಸಲ್ಲುವ ಅತಿ ದೊಡ್ಡ ಮರ್ಯಾದೆ. ಮನೆಯವರೊಬ್ಬರು ಹಗ್ಗ ಎಳೆಯಬೇಕು, ಊರೆಲ್ಲ ಟೋಪಿ ತೆಗೆದು ನಿಲ್ಲಬೇಕು. ಒಮ್ಮೆ ಏರಿತೆಂದರೆ ಆ ಮನುಷ್ಯ ಮತ್ತೆ ಆಡುವಂತಿಲ್ಲ. ಆಡಲೇಬೇಕೆಂದರೆ ಏರಿಸಿದವರ ಕೈಯಿಂದಲೇ ಅಂಗಿ ಇಳಿಯಬೇಕು. ಇಳಿದ ಅಂಗಿ ಮತ್ತೆಂದೂ ಏರುವುದಿಲ್ಲ. ಇಳಿಸಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ಸ್ವರ್ಗಕ್ಕೆ ಹೋದವರು ರಾಜೀನಾಮೆ ಕೊಟ್ಟ ಉದಾಹರಣೆ ಎಲ್ಲಿದೆ?

ಗ್ಲೇಬ್ ಮಾತ್ರ ಬೆಳಗ್ಗೆ ಬೆಳಗ್ಗೆ ನದಿಗೆ ಹೋಗುತ್ತಿದ್ದ. ಮೀನು ಹಿಡಿಯಲು ಎನ್ನುತ್ತಿದ್ದ. ಮೀನು ತಂದದ್ದನ್ನು ನಾನು ಕಾಣಲಿಲ್ಲ. ಒಂದು ದಿನ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಸೇತುವೆಯ ಮೇಲೆ ನಿಂತು ನೋಡಿದರೆ, ಕೆಳಗೆ ಒಬ್ಬಂಟಿ ಮನುಷ್ಯ ಹಿಮ ಗುಡಿಸಿದ ಜಾಗದಲ್ಲಿ ಸ್ಕೇಟು ಕಟ್ಟಿ, ಕೋಲು ಹಿಡಿದು ಸುತ್ತುತ್ತಿದ್ದ. ಬೀಳುತ್ತಿದ್ದ, ಏಳುತ್ತಿದ್ದ. ದಿನ ಕಳೆದಂತೆ ಬೀಳುವುದು ಕಡಿಮೆಯಾಯಿತು.

ಆ ವರ್ಷ ನಮ್ಮ ತಂಡ ಹೇಗೋ ಅಂತಿಮ ಪಂದ್ಯಕ್ಕೆ ಬಂತು. ಎದುರಾಳಿಗಳು ನದಿಯಾಚೆಯ ಊರಿನವರು; ಎಂದರೆ ಬದ್ಧ ವೈರಿಗಳು. ಅಷ್ಟರಲ್ಲಿ ನಮ್ಮ ಮುಖ್ಯ ಆಟಗಾರ ಹೆಗಲು ಮುರಿದುಕೊಂಡ. ಗ್ಲೇಬ್ ಪಾಂಕ್ರಾತೊವ್‌ನ ಕಚೇರಿಗೆ ಹೋಗಿ ಎರಡೇ ಮಾತು ಹೇಳಿದನಂತೆ: "ಅಂಗಿ ಇಳಿಸಿ."

ಸಂಜೆಯೊಳಗೆ ಪಾಂಕ್ರಾತೊವ್ ನಮ್ಮ ಅಡುಗೆಮನೆಯಲ್ಲಿ ಬೆವರೊರೆಸಿಕೊಳ್ಳುತ್ತ ಕುಳಿತು, ಅವರ ವಾಡಿಕೆಯಂತೆ ತಂದೆಯ ಹೆಸರನ್ನೂ ಸೇರಿಸಿ ಅವಳನ್ನು ಮರ್ಯಾದೆಯಿಂದ ಕರೆಯುತ್ತಿದ್ದ. "ಕ್ಲಾವ್ದಿಯಾ ತರಾಸೊವ್ನಾ, ನೀವಾದರೂ ಹೇಳಿ. ಸೋತರೆ ಕಪ್ಪೂ ಇಲ್ಲ, ಅಂಗಿಯೂ ಇಲ್ಲ. ನನ್ನ ಭಾಷಣವನ್ನಂತೂ ಜನ ಹಾಡು ಕಟ್ಟಿ ಹಾಡ್ತಾರೆ."

"ನಿನ್ನ ಭಾಷಣಕ್ಕೆ ಯಾವ ರಾಗವೂ ಕೂಡೋದಿಲ್ಲ, ಹೆದರಬೇಡ," ಎಂದು ಅವನನ್ನು ಸಾಗಹಾಕಿ, ಅವಳು ತಮ್ಮನ ಕಡೆ ತಿರುಗಿದಳು. "ಏರಿಸಿದ ಹಗ್ಗ ನನ್ನ ಕೈಲಿದೆ. ನಾನು ಇಳಿಸೋದಿಲ್ಲ."

"ಅಕ್ಕಾ..."

"ಅಕ್ಕ ಇಲ್ಲ, ಗಿಕ್ಕ ಇಲ್ಲ! ಆ ಮಂಡಿ ಇನ್ನೊಂದು ಸಲ ಹೋದರೆ ನಿನ್ನನ್ನ ಹೊತ್ತು ತಿರುಗೋರು ಯಾರು? ಈ ಅನುವಾದಕನಾ?"

ನಾನು ಸೂಪಿನ ಬಟ್ಟಲಿನಲ್ಲಿ ಆಳವಾಗಿ ಏನನ್ನೋ ಹುಡುಕತೊಡಗಿದೆ.

ಅವಳು ಕುರ್ಚಿಯಲ್ಲಿ ಕುಸಿದು ಕುಳಿತಳು. ದನಿ ಇಳಿಯಿತು. "ಪಾಂಕ್ರಾತೊವ್‌ನ ಹತ್ತಿರ ಹೋಗಿ ಏರಿಸು ಅಂತ ಹೇಳಿದವಳು ನಾನೇ ಗ್ಲೇಬ್. ಅಷ್ಟು ಮೇಲಿದ್ದರೆ ನಿನ್ನನ್ನ ಯಾರೂ ಮುಟ್ಟೋಕಾಗೋದಿಲ್ಲ ಅಂತ."

ಗ್ಲೇಬ್ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಲಿಲ್ಲ. "ಗೊತ್ತು. ಅವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?"

"ಗೊತ್ತಿತ್ತಾ? ಮತ್ತೆ ಸುಮ್ಮನಿದ್ದೆ?"

"ನೀನು ಹೆದರಿದ್ದೆ. ಅದಕ್ಕೆ ಸುಮ್ಮನಿದ್ದೆ." ಅವನು ರೊಟ್ಟಿಯನ್ನು ಸೂಪಿಗೆ ಅದ್ದಿದ. "ಮೇಲೆ ಚೆನ್ನಾಗೇ ಇದೆ ಅಕ್ಕ. ಆದರೆ ಅಲ್ಲಿಂದ ಗೋಲು ಹೊಡೆಯೋಕೆ ಬರೋದಿಲ್ಲ."

ಅವಳು ಎದ್ದು ಅವನ ಬಟ್ಟಲಿಗೆ ಇನ್ನೊಂದು ಸೌಟು ಸುರಿದಳು. ಆ ಮನೆಯಲ್ಲಿ ಒಪ್ಪಿಗೆಯ ಮೊಹರು ಅದೇ ಎಂದು ನನಗೆ ಅಷ್ಟರಲ್ಲಿ ತಿಳಿದಿತ್ತು.

ಪಂದ್ಯದ ಮಧ್ಯಾಹ್ನ ಅರಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಲಾವ್ದಿಯಾ ಒಳ್ಳೆಯ ಶಾಲು ಹೊದ್ದು ಹೋಗಿ ಹಗ್ಗ ಬಿಚ್ಚಿದಳು. ಒಂಬತ್ತನೆಯ ಅಂಗಿ ಜಗ್ಗಿ ಜಗ್ಗಿ ಕೆಳಗಿಳಿಯತೊಡಗಿತು. ಏರುವಾಗ ಟೋಪಿ ತೆಗೆಯಬೇಕೆಂದು ಜನಕ್ಕೆ ಗೊತ್ತಿತ್ತು. ಇಳಿಯುವಾಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೆಲವರು ತೆಗೆದರು, ಕೆಲವರು ತೆಗೆದದ್ದನ್ನು ಹಾಕಿಕೊಂಡರು. ಹತ್ತಿರ ಬಂದಾಗ ಕಂಡಿತು: ಹೆಗಲ ತುಂಬ ಪಾರಿವಾಳದ ಹಿಕ್ಕೆ. ಮರ್ಯಾದೆಯ ವಿಷಯ ಪಾರಿವಾಳಗಳಿಗೆ ಯಾರೂ ತಿಳಿಸಿರಲಿಲ್ಲ. ಅವಳು ಅಲ್ಲೇ ಅದನ್ನು ಕಂಬಿಗೆ ಬಡಿದು, ಶಾಲಿನ ಸೆರಗಿನಿಂದ ಉಜ್ಜಿ, ತಮ್ಮನ ತಲೆಯ ಮೇಲಿಂದ ತೊಡಿಸಿ, ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಆಟದ ಮೊದಲ ಭಾಗ ನೋಡುವಂತಿರಲಿಲ್ಲ. ಹುಡುಗರ ವೇಗಕ್ಕೆ ಅವನು ಅರ್ಧ ಹೆಜ್ಜೆ ಹಿಂದೆಯೇ ಉಳಿಯುತ್ತಿದ್ದ. ಒಮ್ಮೆ ಗೋಡೆಗೆ ಬಿದ್ದಾಗ ನದಿಯಾಚೆಯವರು ಎದ್ದು ನಿಂತು ಕೂಗಿದರು: "ತಾತಾ, ಮೇಲಕ್ಕೆ ಹೋಗು! ಮೇಲಕ್ಕೆ! ಮೇಲಕ್ಕೆ!"

ಕ್ಲಾವ್ದಿಯಾ ಕಣ್ಣು ಮುಚ್ಚಿಕೊಂಡು, "ಎದ್ದನಾ?" ಎಂದು ನನ್ನನ್ನು ಕೇಳುತ್ತಿದ್ದಳು.

"ಎದ್ದ."

"ಈಗ?"

"ಈಗಲೂ ಎದ್ದ."

ಅವನು ಓಡುವುದನ್ನು ಬಿಟ್ಟ. ನದಿಯ ಮೇಲೆ ಒಬ್ಬನೇ ಸುತ್ತಿದವನಿಗೆ ತನ್ನ ಮಂಡಿ ಎಷ್ಟು ದೂರ ಹೊರುತ್ತದೆಂದು ಗೊತ್ತಿತ್ತು. ಬಿಲ್ಲೆ ಬರುವಲ್ಲಿಗೆ ಮೊದಲೇ ಹೋಗಿ ನಿಲ್ಲತೊಡಗಿದ. ಅವನ ಕೋಲಿನಿಂದ ಹೊರಟ ಪಾಸುಗಳಲ್ಲಿ ನಮ್ಮವರು ಎರಡು ಗೋಲು ಹೊಡೆದು ಆಟವನ್ನು ಸಮಕ್ಕೆ ತಂದರು. ಗಡಿಯಾರ ಮುಗಿಯುತ್ತ ಬಂದಾಗ ಬಿಲ್ಲೆ ಅವನ ಬಳಿಗೇ ಬಂತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಆಗಲೇ ಎಡ ಮಂಡಿ ಕೈಕೊಟ್ಟಿತು. ಗ್ಲೇಬ್ ಬಿದ್ದ. ಬಿದ್ದು, ಕುಂಡೆಯ ಮೇಲೆ ಜಾರುತ್ತ ಜಾರುತ್ತಲೇ, ಕಸ ಗುಡಿಸುವವನಂತೆ ಕೋಲು ಬೀಸಿದ. ನಿಂತವನಿಗಾಗಿ ಕಾಯುತ್ತಿದ್ದ ಗೋಲ್‌ಕೀಪರ್ ಮೇಲೆ ನೋಡುತ್ತಿದ್ದ. ಬಿಲ್ಲೆ ಅವನ ಕಾಲ ಸಂದಿಯಿಂದ ಒಳಗೆ ಹೋಯಿತು.

ನಾನು ಕೂಗಿದೆನಂತೆ, ಕನ್ನಡದಲ್ಲಿ. ಯಾರೂ ಅರ್ಥ ಕೇಳಲಿಲ್ಲ. ಕ್ಲಾವ್ದಿಯಾ ಕಣ್ಣು ತೆರೆದಾಗ, ಇಡೀ ಊರು ವೈರಿಗಳ ಕೂಗನ್ನೇ ಕಸಿದುಕೊಂಡು, "ಮೇಲಕ್ಕೆ! ಮೇಲಕ್ಕೆ!" ಎನ್ನುತ್ತ ಅವಳ ತಮ್ಮನನ್ನು ಕೈಗಳ ಮೇಲೆ ಎತ್ತಿ ಹಾರಿಸುತ್ತಿತ್ತು.

ಪಾಂಕ್ರಾತೊವ್ ಅಳುತ್ತ ಓಡಿಬಂದ. "ನಿಯಮ ಹಾಳಾಗಲಿ ಗ್ಲೇಬ್ ತರಾಸೊವಿಚ್! ಇವತ್ತೇ ಅಂಗಿಯನ್ನ ಮತ್ತೆ ಏರಿಸೋಣ!"

"ಒಗೆಯೋಕೆ ಹಾಕ್ಬೇಕು ಅದನ್ನ," ಎಂದ ಗ್ಲೇಬ್. "ಪಾರಿವಾಳದ ವಾಸನೆ."

ಜನ ಕಪ್ಪು ಹೊತ್ತು ಬೀದಿಗಿಳಿದ ಮೇಲೆ ನಾವು ಮೂವರು ಖಾಲಿ ಅಂಗಳದ ಬದಿಯಲ್ಲಿ ಕುಳಿತಿದ್ದೆವು. ಅವನು ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡಿದ್ದ. ಅಕ್ಕ ಬೈಯುತ್ತಿದ್ದಳು, ಅರ್ಧ ಮನಸ್ಸಿನಿಂದ. ಬಿಸಿನೀರು ಹಾಸಿ ಗೀರುಗಳನ್ನು ಅಳಿಸುವ ಬಂಡಿಯವನು ಅಂಗಳವನ್ನೆಲ್ಲ ಸುತ್ತಿ, ಗೋಲಿನ ಮುಂದೆ ಗ್ಲೇಬ್ ಜಾರಿದ ಅಗಲವಾದ ಗುರುತನ್ನು ಮಾತ್ರ ಬಳಸಿಕೊಂಡು ಹೋದ.

"ಏನಯ್ಯಾ, ಅದನ್ನ ಯಾಕೆ ಬಿಟ್ಟೆ?"

"ಅದು ನೀವು ಗೆದ್ದ ಜಾಗ, ಗ್ಲೇಬ್ ತರಾಸೊವಿಚ್."

"ಅದಕ್ಕೂ ಹಗ್ಗ ಕಟ್ಟಿ ಮೇಲೆ ತೂಗುಹಾಕ್ತೀರೇನು? ಹೊಯ್ಯಿ ನೀರು. ನಾಳೆ ಬೆಳಗ್ಗೆ ಅಭ್ಯಾಸಕ್ಕೆ ಬರ್ತೀನಿ."

ಬಂಡಿ ಹಿಂದಿರುಗಿತು. ಬಿಸಿನೀರು ಆ ಗುರುತಿನ ಮೇಲೆ ಹಬ್ಬಿತು. ಒಂದು ಗಳಿಗೆ ಬಿಳಿಯ ಹಬೆ ಎದ್ದು ಏನೂ ಕಾಣಲಿಲ್ಲ. ಅದು ಸರಿದಾಗ ಮಂಜುಗಡ್ಡೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಹೊಳೆಯುತ್ತಿತ್ತು, ಅದರ ಮೇಲೆ ಇನ್ನೂ ಯಾರೂ ಕಾಲಿಟ್ಟೇ ಇಲ್ಲವೆಂಬಂತೆ.